ಕಡಲಿಗೆ ಎಷ್ಟು ದೂರ, ಆಸ್ಪತ್ರೆಗೆ ಎಷ್ಟು ಹತ್ತಿರ: ಕಾರವಾರದಿಂದ ಉಡುಪಿಯವರೆಗೆ ಆರು ದಿನ

ನಮ್ಮವರ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮೂರು ವರ್ಷವಾಯಿತು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ನಿವೃತ್ತಳಾಗಿ ಒಂದೂವರೆ ವರ್ಷ. ಬೆಂಗಳೂರಿನ ಮನೆಗೆ ತಿಂಗಳಿಗೆ 24,000 ರೂಪಾಯಿ ಬಾಡಿಗೆ ಕೊಡುತ್ತೇವೆ. ನನ್ನ ಪಿಂಚಣಿಯೂ ಇವರ ಠೇವಣಿಯ ಬಡ್ಡಿಯೂ ಸೇರಿ ಕೈಗೆ ಬರುವುದು 43,000. ಔಷಧಿಗೆ, ದಿನಸಿಗೆ, ವಿಮೆಯ ಕಂತಿಗೆ ಎತ್ತಿಟ್ಟ ಮೇಲೆ ಉಳಿಯುವುದು ಏನೂ ಇಲ್ಲ. ಕಡಲ ಹತ್ತಿರದ ಊರೊಂದರಲ್ಲಿ ಉಳಿದ ದಿನ ಕಳೆಯಬೇಕೆಂಬುದು ಮದುವೆಯಾದ ಹೊಸದರಿಂದಲೂ ಇಬ್ಬರಿಗೂ ಇದ್ದ ಆಸೆ. ಈಗ ಅದು ಆಸೆಯಾಗಿ ಉಳಿಯದೆ ಅಗತ್ಯವೂ ಆಗಿತ್ತು. ಒಟ್ಟು 38 ಲಕ್ಷ ಉಳಿತಾಯದಲ್ಲಿ ಎಲ್ಲಿ, ಹೇಗೆ ಎನ್ನುವುದನ್ನು ನೋಡಿಕೊಂಡು ಬರೋಣವೆಂದು ಮೇ ತಿಂಗಳ ಎರಡನೆಯ ವಾರ ಹೊರಟೆವು.

ಮೇ ತಿಂಗಳನ್ನು ಆರಿಸಿದ್ದು ನಾನು. ಡಿಸೆಂಬರಿನಲ್ಲಿ ನೋಡಿದರೆ ಕರಾವಳಿಯ ಯಾವ ಊರೂ ಚೆಂದವೇ. ಬಾವಿಯ ತಳ ಕಾಣುವ, ಬೆವರು ಆರದ ತಿಂಗಳಲ್ಲಿ ನೋಡಿದರೆ ಊರಿನ ನಿಜ ಗೊತ್ತಾಗುತ್ತದೆ.

ಮೊದಲ ದಿನ: ಕಾರವಾರ

ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯೆಲ್ಲ ಘಟ್ಟ ಇಳಿದು, ಬೆಳಗಿನ ಜಾವಕ್ಕೆ ಉಡುಪಿ, ಕುಂದಾಪುರಗಳನ್ನು ದಾಟಿ ಉತ್ತರಕ್ಕೆ ಓಡಿತು. ಮುಂದಿನ ಐದು ದಿನ ನಾವು ಇಳಿದಿಳಿದು ನೋಡಬೇಕಾದ ಊರುಗಳೆಲ್ಲ ನಿದ್ದೆಗಣ್ಣಿನ ಮುಂದೆಯೇ ಹಾದುಹೋದವು. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಕೊಂಕಣ ರೈಲು ಬರುವವರೆಗೆ ಈ ಊರುಗಳಿಗೆ ರೈಲೇ ಇರಲಿಲ್ಲ. ಮಗಳು ಹೈದರಾಬಾದಿನಲ್ಲಿದ್ದಾಳೆ. ಅವಳು ಬಂದುಹೋಗುವುದಕ್ಕೆ ರೈಲು ನಿಲ್ದಾಣ ಹತ್ತಿರವಿರಬೇಕು ಎಂಬುದು ನಮ್ಮ ಮೊದಲ ಷರತ್ತಾಗಿತ್ತು.

ಕಾರವಾರದಲ್ಲಿ ಬೆಟ್ಟವೂ ಕಡಲೂ ಒಂದಕ್ಕೊಂದು ಇಷ್ಟು ಹತ್ತಿರ ಬಂದು ನಿಲ್ಲುತ್ತವೆ ಎಂದು ಓದಿ ತಿಳಿದಿದ್ದೆ. ಕಣ್ಣಾರೆ ಕಂಡಾಗ ಮಾತು ಹೊರಡಲಿಲ್ಲ. ರವೀಂದ್ರನಾಥ ಟ್ಯಾಗೋರ್ ಎಳೆಯ ಹರೆಯದಲ್ಲಿ ಇಲ್ಲಿ ಬಂದು ಉಳಿದಿದ್ದರು. ಕಡಲತೀರಕ್ಕೆ ಅವರ ಹೆಸರೇ ಇದೆ. ಊರು ಚೊಕ್ಕ, ಜನ ಸೌಮ್ಯ. ಜಿಲ್ಲಾ ಕೇಂದ್ರವಾದ್ದರಿಂದ ಕಚೇರಿ, ಸರ್ಕಾರಿ ವೈದ್ಯಕೀಯ ಕಾಲೇಜು, ಮಾರುಕಟ್ಟೆ ಎಲ್ಲವೂ ನಡಿಗೆಯ ಅಳತೆಯಲ್ಲಿವೆ. ಎರಡು ಕೋಣೆಯ ಮನೆಗೆ ಹನ್ನೆರಡು ಸಾವಿರ ಬಾಡಿಗೆ ಹೇಳಿದರು. ನೌಕಾನೆಲೆಯವರೂ ಕೈಗಾ ಅಣುವಿದ್ಯುತ್ ಸ್ಥಾವರದವರೂ ಬಾಡಿಗೆಗೆ ಬರುವುದರಿಂದ ಒಳ್ಳೆಯ ಮನೆಗಳು ಖಾಲಿ ಉಳಿಯುವುದಿಲ್ಲವಂತೆ.

ಸಂಜೆ ಕಾಳಿ ನದಿಯ ಸೇತುವೆಯ ಹತ್ತಿರ ನಿಂತೆವು. ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ನಡುರಾತ್ರಿ ಕುಸಿದುಬಿದ್ದ ಜಾಗ ಅದು. ಅಲ್ಲಿ ಗಾಳ ಹಾಕಿ ಕುಳಿತಿದ್ದ ಹಿರಿಯರೊಬ್ಬರನ್ನು ನಮ್ಮವರು ಮಾತಿಗೆಳೆದು, ಕೊನೆಗೆ ತಮ್ಮ ಪ್ರಶ್ನೆಯನ್ನು ಕೇಳಿಯೇಬಿಟ್ಟರು. “ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದರೆ ನೀವು ಎಲ್ಲಿಗೆ ಹೋಗುತ್ತೀರಿ?”

ಹಿರಿಯರು ಗಾಳದಿಂದ ಕಣ್ಣು ತೆಗೆಯದೆ, “ದೊಡ್ಡದೇನಾದರೂ ಆದರೆ ಗೋವಾಕ್ಕೆ ಒಯ್ಯುತ್ತಾರೆ. ಇಲ್ಲವಾದರೆ ಮಣಿಪಾಲ” ಎಂದರು. ಇಲ್ಲಿಂದ ಮಣಿಪಾಲ ನೂರಎಂಬತ್ತು ಕಿಲೋಮೀಟರಿನ ಮೇಲೆ. ಹೃದಯಾಘಾತವಾದರೆ ಮೊದಲ ಒಂದೆರಡು ಗಂಟೆಯಲ್ಲಿ ಚಿಕಿತ್ಸೆ ಸಿಗಬೇಕು ಎಂದು ಸ್ಟೆಂಟ್ ಹಾಕಿದ ವೈದ್ಯರು ನಮಗೆ ಒತ್ತಿ ಹೇಳಿದ್ದರು. ಆ ರಾತ್ರಿಯಿಂದ ಆ ಪ್ರಶ್ನೆ ನಮ್ಮ ಜೊತೆಗೇ ಪ್ರಯಾಣ ಮಾಡಿತು.

ಎರಡನೆಯ ದಿನ: ಅಂಕೋಲಾ, ಕುಮಟಾ

ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಇವರಿಗೆ ಪೂರ್ತಿ ಟಿಕೆಟ್. ಅಂಕೋಲಾ ದಾಟಿ ಶಿರೂರು ಬಂದಾಗ ಬಸ್ಸಿನ ಮಾತೆಲ್ಲ ತಣ್ಣಗಾಯಿತು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ರಸ್ತೆಬದಿಯ ಹೋಟೆಲನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿತು. ನದಿಯೊಳಗೆ ಹೂತ ಲಾರಿ ಸಿಕ್ಕಿದ್ದು ಎರಡು ತಿಂಗಳ ನಂತರ. ಪಕ್ಕದ ಹೆಂಗಸೊಬ್ಬರು ಕೈಮುಗಿದು ಕುಳಿತಿದ್ದರು. ಯಾರನ್ನು ಕಳೆದುಕೊಂಡಿದ್ದರೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಕರಾವಳಿಯ ಈ ತುದಿಗೆ ಹೆದ್ದಾರಿ ಒಂದೇ ಜೀವನಾಡಿ. ಅದು ಕಡಿದ ದಿನ ಆಂಬುಲೆನ್ಸೂ ಸುತ್ತುದಾರಿ ಹಿಡಿಯಬೇಕು.

ಕುಮಟಾದಲ್ಲಿ ಇಳಿದು ಅಘನಾಶಿನಿಯ ಅಳಿವೆಯ ಕಡೆ ಹೋದೆವು. ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುವ ನದಿ ಇದು. ಇದರ ಅಳಿವೆ 2024ರಲ್ಲಿ ರಾಮ್‌ಸರ್ ತಾಣ, ಎಂದರೆ ಜಾಗತಿಕ ಮಹತ್ವದ ಜೌಗುಭೂಮಿ ಎಂದು ಗುರುತಿಸಿದ ಜಾಗವಾಯಿತು. ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ ಬಿಸಿಲಿಗೆ ಬಿರಿದು ಮಲಗಿತ್ತು. ಇಲ್ಲಿ ಮನೆ ನೋಡಲಿಲ್ಲ. ನೋಡುವ ಮನಸ್ಸೇ ಆಗದಷ್ಟು ಹೊತ್ತು ದಂಡೆಯ ಮೇಲೆ ಕುಳಿತುಬಿಟ್ಟೆವು.

ಮೂರನೆಯ ದಿನ: ಹೊನ್ನಾವರ

ಈ ದಿನದ ಬಗ್ಗೆ ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ, ಏಕೆಂದರೆ ನನಗೆ ಬೇಕಾದ ಮನೆ ಸಿಕ್ಕಿದ್ದು ಅಲ್ಲಿ.

ಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಶರಾವತಿಯ ದಂಡೆಯಲ್ಲಿ ಚಿರೆಕಲ್ಲಿನ ಗೋಡೆಯ ಹಂಚಿನ ಮನೆ. ಮುಂದೆ ಜಗುಲಿ, ಹಿಂದೆ ಹಿತ್ತಲಿನಲ್ಲಿ ಹನ್ನೊಂದು ತೆಂಗಿನ ಮರ, ಒಂದು ಬಿಂಬಲಿ, ಬಾವಿ. ಜಗುಲಿಯಲ್ಲಿ ಕುಳಿತರೆ ನದಿ ಕಡಲಿಗೆ ಅಗಲವಾಗುತ್ತ ಹೋಗುವುದು ಕಾಣುತ್ತದೆ. ಎಂಟು ಗುಂಟೆ ಜಾಗ, ಮನೆ ಸೇರಿ 28 ಲಕ್ಷ. ಮನೆಯ ಅಜ್ಜಿ ನನ್ನ ಕಸುಬು ತಿಳಿದ ಕೂಡಲೇ “ಅಕ್ಕೋರೆ” ಎಂದು ಕರೆದು, ಕೋಕಂ ಪಾನಕ ಕೊಟ್ಟರು. ಈ ಜಿಲ್ಲೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಮೂವತ್ತೆರಡು ವರ್ಷ ‘ಮಿಸ್’ ಎನಿಸಿಕೊಂಡ ನನಗೆ ಆ ಒಂದು ಮಾತಿಗೇ ಆ ಮನೆಯಲ್ಲಿ ಉಳಿದುಬಿಡಬೇಕೆನಿಸಿತು.

ನಮ್ಮವರು ಮಾತ್ರ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರನ್ನು ಚೀಲದಿಂದ ತೆಗೆದು ಬಾವಿಯ ಕೊಡಪಾನಕ್ಕೆ ಅದ್ದಿದರು. 1,460 ತೋರಿಸಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತದೆ. ಬಾಯಿಗೆ ಹಾಕಿಕೊಂಡೆ. ನಾಲಿಗೆಯ ಅಂಚಿನಲ್ಲಿ ಉಪ್ಪು. “ಮಾರ್ಚ್‌ನಿಂದ ಮಳೆ ಬರುವವರೆಗೆ ಹೀಗೆಯೇ, ಅಕ್ಕೋರೆ. ನದಿಯಲ್ಲಿ ಕಡಲ ಭರತ, ಅದೇ ಉಬ್ಬರ, ಏರಿದಂತೆ ಬಾವಿಯೂ ಉಪ್ಪಾಗುತ್ತದೆ. ಕುಡಿಯಲು ಪಂಚಾಯತಿಯ ನಲ್ಲಿ, ಎರಡು ದಿನಕ್ಕೊಮ್ಮೆ” ಎಂದು ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳಿದರು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ಮನುಷ್ಯನಿಗೆ ವರ್ಷದಲ್ಲಿ ಮೂರು ತಿಂಗಳು ಇಂಥ ನೀರು ಕುಡಿಸುವುದು ಹೇಗೆ?

ಆಮೇಲೆ ಕಾಗದ. ಪಹಣಿಯಲ್ಲಿ ಇದ್ದದ್ದು ಐದು ಗುಂಟೆ ಮಾತ್ರ. ಬೇಲಿಯೊಳಗಿನ ಉಳಿದ ಮೂರು ಗುಂಟೆ ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅತಿಕ್ರಮಣ. ತೆಂಗಿನ ಮರಗಳಲ್ಲಿ ಏಳು ಅಲ್ಲಿಯೇ ಇದ್ದವು. ದಲ್ಲಾಳಿ “ಇಲ್ಲಿ ಎಲ್ಲರದೂ ಹಾಗೆಯೇ, ಯಾರೂ ಕೇಳುವುದಿಲ್ಲ” ಎಂದ. ಕೇಳದೆ ಇರುವವರೆಗೆ ಸರಿ. ಅರವತ್ತು ದಾಟಿದ ಮೇಲೆ ನೋಟಿಸು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿ ನಮಗಿಲ್ಲ. ಭರತದ ನೀರು ಬರುವ ನದಿಯಾದ್ದರಿಂದ ಕರಾವಳಿ ನಿಯಂತ್ರಣ ವಲಯದ ನಿಯಮವೂ ಸೇರಿಕೊಳ್ಳುತ್ತದೆ. 2019ರ ಅಧಿಸೂಚನೆಯ ಪ್ರಕಾರ ಇಂಥ ನೀರಿನ ದಂಡೆಗೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹರಿವಿನ ಅಗಲ, ಇವೆರಡರಲ್ಲಿ ಕಡಿಮೆ ಇರುವಷ್ಟು ಜಾಗ ವಲಯದೊಳಗೆ ಬರುತ್ತದೆ. ತೆರೆದ ಕಡಲಿನ ಕಡೆ, ಜನಸಾಂದ್ರತೆ ಕಡಿಮೆಯಿರುವ ಹಳ್ಳಿಗಳಲ್ಲಿ 200 ಮೀಟರಿನವರೆಗೆ ಹೊಸದಾಗಿ ಕಟ್ಟುವಂತಿಲ್ಲ. ಹಳೆಯ ಮನೆಯನ್ನು ದುರಸ್ತಿ ಮಾಡಿಕೊಳ್ಳಬಹುದು. ಆದರೆ ಅದು ಕಾನೂನುಬದ್ಧವಾಗಿ ಕಟ್ಟಿದ್ದೆಂದು ತೋರಿಸುವ ಕಾಗದ ಬೇಕು. ಅಜ್ಜಿಯ ಮನೆಯ ಕಾಗದ ಎಂದರೆ ಅವರ ಗಂಡ ಹೇಳಿದ್ದ ಮಾತು.

ನಾವು ನೋಡಿದ ಜಾಗ ಚೆಂದವಿದೆಯೆಂದು ನಾಳೆಯೂ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ ಎನ್ನುವುದೂ ಇಲ್ಲಿಯೇ ಅರಿವಾಯಿತು. ನದಿಯಾಚೆ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ, ಚೊಕ್ಕವೂ ಸುರಕ್ಷಿತವೂ ಆದ ತೀರಗಳಿಗೆ ಕೊಡುವ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅದೇ ಕಾಸರಕೋಡಿನ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಜಾಗ ಕೊಳ್ಳುವವರು ಊರಿನ ಚಹಾದಂಗಡಿಯಲ್ಲಿ ಅರ್ಧ ದಿನ ಕುಳಿತು, ಇಲ್ಲಿ ಏನು ಬರಲಿದೆ ಎಂದು ಕೇಳಿಕೊಳ್ಳಲೇಬೇಕು.

ಕೊನೆಗೆ ಇವರ ಪ್ರಶ್ನೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಯಜಮಾನರನ್ನು ಮಣಿಪಾಲಕ್ಕೆ ಒಯ್ಯುವಾಗ ಬೈಂದೂರಿನ ಹತ್ತಿರ ಹೋಗಿಬಿಟ್ಟರು” ಎಂದರು. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೆ. ಆ ಬೇಡಿಕೆಯ ಅರ್ಥ ನನಗೆ ಆದದ್ದು ಆ ಜಗುಲಿಯ ಮೇಲೆ.

ಲಾಡ್ಜಿಗೆ ಮರಳಿದ ಮೇಲೆ ನಾನು ಅತ್ತೆ. ಇವರು, “ಬೇಕಾದರೆ ತೆಗೆದುಕೊಳ್ಳೋಣ, ನನಗೆ ಏನೂ ಆಗುವುದಿಲ್ಲ” ಎಂದರು. ಆ ಮಾತಿಗೇ ಬೇಡವೆಂದು ಗಟ್ಟಿಯಾಗಿ ತೀರ್ಮಾನಿಸಿದೆ.

ನಾಲ್ಕನೆಯ ದಿನ: ಮುರ್ಡೇಶ್ವರದಿಂದ ಕುಂದಾಪುರ

ಮುರ್ಡೇಶ್ವರದಲ್ಲಿ 123 ಅಡಿಯ ಶಿವನಿಗೆ ಕೈಮುಗಿದು ಮುಂದೆ ನಡೆದೆವು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೋಣೆ ಕೊಡುವ ಊರಿನಲ್ಲಿ ತಿಂಗಳ ಬಾಡಿಗೆ ಕೇಳುವವರಿಗೆ ಜಾಗ ಕಡಿಮೆ. ಭಟ್ಕಳದಲ್ಲಿ ಬಸ್ ಬದಲಿಸಿದ್ದಷ್ಟೇ.

ಮರವಂತೆಯಲ್ಲಿ ಮಾತ್ರ ಇಳಿದೆವು. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಎಲ್ಲರೂ ಫೋಟೊ ತೆಗೆಯುವುದು ಆ ನೋಟವನ್ನು. ನಾವು ನೋಡಿದ್ದು ದಡಕ್ಕೆ ಸುರಿದ ಕಲ್ಲುಬಂಡೆಗಳನ್ನು. ಕಡಲ್ಕೊರೆತ ತಡೆಯಲು ಹಾಕಿದ ತಡೆಗೋಡೆಗಳು ಮರವಂತೆಯಿಂದ ಉಳ್ಳಾಲದವರೆಗೆ ಅಲ್ಲಲ್ಲಿ ಕಾಣುತ್ತವೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದಲ್ಲಿ ಈ ದಂಡೆಯುದ್ದಕ್ಕೂ ತೆಂಗಿನ ಮರಗಳು, ರಸ್ತೆಗಳು ನೀರುಪಾಲಾದವು. ಒಣಮೀನು ಹರಡಿದ್ದ ಹೆಂಗಸೊಬ್ಬಳು ತನ್ನ ಮನೆಯ ಕಿಟಕಿಯ ಸರಳು ತೋರಿಸಿದಳು. ಹೆಬ್ಬೆರಳ ದಪ್ಪವಿದ್ದ ಕಬ್ಬಿಣ ಉಪ್ಪುಗಾಳಿಗೆ ಪದರು ಪದರಾಗಿ ಎದ್ದು ಕಡ್ಡಿಯಾಗಿತ್ತು. “ಜೂನ್, ಜುಲೈ ಬಂದರೆ ಗಂಡಸರು ಕಡಲಿಗೆ ಹೋಗುವುದಿಲ್ಲ. ಆದರೆ ಕಡಲೇ ಮನೆಯ ತನಕ ಬರುತ್ತದೆ, ಅಕ್ಕ. ಮಲಗಿದರೂ ನಿದ್ದೆ ಬರುವುದಿಲ್ಲ.” ಯಾಂತ್ರೀಕೃತ ದೋಣಿಗಳಿಗೆ ಆ ಎರಡು ತಿಂಗಳು ನಿಷೇಧ. ಕಡಲನ್ನು ಬಲ್ಲವರೇ ಅದರಿಂದ ದೂರ ನಿಲ್ಲುವ ಕಾಲ ಅದು. ಮನೆಯಿಂದ ಕಡಲು ಕಾಣಲೇಬೇಕೆಂಬ ನನ್ನ ಹಠ ಅಲ್ಲಿಗೆ ಮುಗಿಯಿತು. ನಡೆದೋ ಆಟೋದಲ್ಲೋ ಹೋಗಿ ನೋಡಿ, ಮರಳಿ ಬರುವಷ್ಟು ದೂರದಲ್ಲಿದ್ದರೆ ಸಾಕು.

ಐದು ಹೊಳೆಗಳು ಕೂಡುವ ಕುಂದಾಪುರದಲ್ಲಿ ರಾತ್ರಿ ಉಳಿದೆವು. ಇಲ್ಲಿಂದ ದಕ್ಷಿಣಕ್ಕೆ ಖಾಸಗಿ ಬಸ್ಸುಗಳ ರಾಜ್ಯ. ನಿಂತ ಐದು ನಿಮಿಷಕ್ಕೆ ಒಂದು ಬಸ್, ಆದರೆ ನನಗೂ ಟಿಕೆಟ್ ಹಣ ಕೊಡಬೇಕು. ತಿಂಗಳ ಖರ್ಚಿನ ಪುಟದಲ್ಲಿ ಅದಕ್ಕೂ ಒಂದು ಸಾಲು ಬರೆದುಕೊಂಡೆ.

ಐದನೆಯ ದಿನ: ಸಾಲಿಗ್ರಾಮ

ಕೋಟ, ಸಾಲಿಗ್ರಾಮ, ಸಾಸ್ತಾನ ಎಲ್ಲವೂ ಒಂದಕ್ಕೊಂದು ತಗುಲಿಕೊಂಡ ಊರುಗಳು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ್ದು ಈ ಕೋಟದಲ್ಲಿ. ಅವರ ಪಾಠಗಳನ್ನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ ನನಗೆ ಇಲ್ಲಿ ಬಸ್ಸಿಳಿದಾಗ ನೆಂಟರ ಊರಿಗೆ ಬಂದಂತಾಯಿತು. ಸೀತಾ ನದಿಯ ಉತ್ತರಕ್ಕೆ ಕನ್ನಡ, ದಕ್ಷಿಣಕ್ಕೆ ತುಳು ಎಂದು ಇಲ್ಲಿ ವಾಡಿಕೆಯಾಗಿ ಹೇಳುತ್ತಾರೆ. ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ನೆರೆಮನೆಯಲ್ಲಿ ಕನ್ನಡವೇ ನಡೆಯುವ ಊರು. ಕುಂದಗನ್ನಡದ ವೇಗಕ್ಕೆ ಕಿವಿ ಒಗ್ಗಬೇಕು, ಅಷ್ಟೇ. ಮುಪ್ಪಿನಲ್ಲಿ ಮಾತಿಗೆ ಜನ ಬೇಕು, ಮಾತು ತಿಳಿಯಲೂ ಬೇಕು. ಇದನ್ನು ಬಾಡಿಗೆಯಷ್ಟೇ ಮುಖ್ಯವೆಂದು ನಾನು ಎಣಿಸುತ್ತೇನೆ.

ಇಲ್ಲಿ ಜಾಗದ ಅಳತೆ ಗುಂಟೆಯಲ್ಲ, ಸೆಂಟ್ಸ್. ಎರಡೂವರೆ ಸೆಂಟ್ಸ್ ಸೇರಿದರೆ ಒಂದು ಗುಂಟೆ. ಹೆದ್ದಾರಿಯ ಹತ್ತಿರ ಕೇಳಿದ ದರಕ್ಕೆ ನಮ್ಮ ಉಳಿತಾಯ ಜಾಗ ಕೊಳ್ಳಲೇ ಸಾಲುತ್ತಿತ್ತು, ಮನೆ ಕಟ್ಟಲು ಏನೂ ಉಳಿಯುತ್ತಿರಲಿಲ್ಲ. ಒಳಗಿನ ಹಳ್ಳಿಯಲ್ಲಿ ಸೆಂಟ್ಸಿಗೆ ಒಂದೂಮುಕ್ಕಾಲು ಲಕ್ಷ ಹೇಳಿದರು. ಅದರಲ್ಲೂ ಸ್ವಲ್ಪ ಕುಮ್ಕಿ, ಎಂದರೆ ಪಕ್ಕದ ಪಟ್ಟಾ ಜಮೀನಿನವರು ಅನುಭವಿಸಿಕೊಂಡು ಬಂದ ಸರ್ಕಾರಿ ಭೂಮಿ. ಹೊನ್ನಾವರದ ಪಾಠ ಹಸಿಯಾಗಿಯೇ ಇತ್ತು. ಕೊಳ್ಳುವ ಮಾತು ಈ ವರ್ಷ ಬೇಡ, ಒಂದು ಮಳೆಗಾಲ ಬಾಡಿಗೆಗಿದ್ದು ನೋಡೋಣ ಎಂದು ಅಲ್ಲಿಯೇ ನಿಂತು ಒಪ್ಪಿಕೊಂಡೆವು.

ಮಧ್ಯಾಹ್ನದ ಮೇಲೆ ಸಿಕ್ಕಿದ್ದು ಹೆದ್ದಾರಿಯಿಂದ ಒಂದು ಕಿಲೋಮೀಟರ್ ಪೂರ್ವಕ್ಕಿದ್ದ ಮನೆ. ತಾರಸಿಯ ಮೇಲೆ ಹಂಚು ಹೊದಿಸಿದ, ಮೆಟ್ಟಿಲಿಲ್ಲದ ಒಂದೇ ಅಂತಸ್ತು. ಮಾಲೀಕರು ಪಕ್ಕದಲ್ಲಿಯೇ ಇದ್ದಾರೆ, ಬಾಡಿಗೆ 8,500. ಕೆಂಪುಕಲ್ಲು ಕಡಿದು ತೋಡಿದ ಬಾವಿಯಲ್ಲಿ ಮೇ ತಿಂಗಳಲ್ಲೂ ಆಳೆತ್ತರ ನೀರು. ಮೀಟರ್ 85 ತೋರಿಸಿತು. ನಮ್ಮವರು ಎರಡನೆಯ ಸಲ ಅದ್ದಿದರು. ಮತ್ತೆ 85. ಮಾಲೀಕರ ತಾಯಿ, “ಟೀಚರೇ, ನಮ್ಮ ಬಾವಿಗೆ ಜ್ವರ ಬಂದಿದೆಯೇ?” ಎಂದು ನಕ್ಕರು. ಇಲ್ಲಿ ನಾನು ಟೀಚರ್ ಆದೆ.

ತೊಡಕುಗಳನ್ನೂ ನೋಡಿದೆವು. ಗದ್ದೆಬಯಲು ಹತ್ತಿರವಿದೆ, ದೊಡ್ಡ ನೆರೆಗೆ ನೀರು ಎಲ್ಲಿಯವರೆಗೆ ಬರುತ್ತದೆಂದು ಕೇಳಿದಾಗ ಅವರು ಅಂಗಳದ ಕೆಳಗಿನ ಮೂರನೆಯ ತೆಂಗಿನ ಮರವನ್ನು ತೋರಿಸಿದರು. ಮನೆ ಅದಕ್ಕಿಂತ ನಾಲ್ಕಡಿ ಎತ್ತರದಲ್ಲಿದೆ. ಕಪಾಟಿನ ಹಿಂದೆ ಬೂಷ್ಟಿನ ಕಲೆ ಇತ್ತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಾಗ, ಬಟ್ಟೆಯೂ ಪುಸ್ತಕವೂ ಹೇಗೆ ಉಳಿಯುತ್ತವೆ ಎಂಬುದು ನನ್ನ ಚಿಂತೆ. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ದಬ್ಬೆಗಳನ್ನು ತೋರಿಸಿ, ಪುಸ್ತಕದ ಕಪಾಟಿನಲ್ಲಿ ಒಂದು ಬಲ್ಬ್ ಉರಿಸಿಡಿ ಎಂದರು. ಇನ್ನೊಂದು ತೊಡಕಿಗೆ ಪರಿಹಾರ ಸಿಗಲಿಲ್ಲ. ದೇವಸ್ಥಾನ, ಅಂಗಡಿ, ಔಷಧಾಲಯ ಎಲ್ಲವೂ ಹೆದ್ದಾರಿಯ ಆಚೆಗಿವೆ. ಚತುಷ್ಪಥದಲ್ಲಿ ಗಾಡಿಗಳು ಬರುವ ವೇಗಕ್ಕೆ ದಾಟುವಾಗ ಇವರ ಕೈ ಹಿಡಿದ ನನ್ನ ಕೈ ಬೆವೆತಿತ್ತು. ಆ ಹೆದರಿಕೆ ಹೋಗಿಲ್ಲ.

ಸಂಜೆ ಆಟೋದಲ್ಲಿ ಪಾರಂಪಳ್ಳಿಯ ಕಡಲಿಗೆ ಹೋದೆವು. ಹತ್ತು ನಿಮಿಷದ ದಾರಿ. ಐದು ದಿನದಲ್ಲಿ ಮೊದಲ ಬಾರಿಗೆ ಏನನ್ನೂ ಅಳೆಯದೆ, ಯಾರನ್ನೂ ಕೇಳದೆ ಕುಳಿತೆವು.

ಲೆಕ್ಕ ಒಂದು ಬಾಕಿಯಿತ್ತು. ಲಾಡ್ಜಿನಿಂದ ರಾತ್ರಿ ಸರಿಯಾಗಿ ಹನ್ನೊಂದಕ್ಕೆ, ಸಂಜೆ ನಮ್ಮನ್ನು ಕರೆದೊಯ್ದ ಹುಡುಗನಿಗೆ ಫೋನ್ ಮಾಡಿ ಮಣಿಪಾಲಕ್ಕೆ ಕಾರು ಬೇಕೆಂದೆ. ಅವನು ಗಾಬರಿಯಿಂದ “ಯಾರಿಗೆ ಏನಾಯಿತು, ಅಮ್ಮಾ?” ಎಂದ. ಯಾರಿಗೂ ಏನೂ ಆಗಿಲ್ಲ, ಆದರೆ ಆಗಿದೆ ಎಂದುಕೊಂಡೇ ಓಡಿಸು ಎಂದೆ. ಹನ್ನೊಂದು ನಿಮಿಷಕ್ಕೆ ಕಾರು ಬಾಗಿಲಲ್ಲಿತ್ತು. ಬ್ರಹ್ಮಾವರ ದಾಟಿ, ಉಡುಪಿಯಿಂದ ಏರಿ, ಆಸ್ಪತ್ರೆಯ ತುರ್ತು ವಿಭಾಗದ ಎದುರು ನಿಂತಾಗ ಫೋನ್ ಮಾಡಿದ ಗಳಿಗೆಯಿಂದ ನಲವತ್ತಾರು ನಿಮಿಷ. ಮಳೆಗಾಲದಲ್ಲಿ ಒಂದು ಗಂಟೆ ಎಂದಿಟ್ಟುಕೊಳ್ಳೋಣ ಎಂದರು ಇವರು.

ನಾವು ಅಲ್ಲಿ ನಿಂತಿರುವಾಗಲೇ ಒಂದು ಆಂಬುಲೆನ್ಸ್ ಬಂತು. ನೋಂದಣಿ ಸಂಖ್ಯೆ ಕೆಎ 47 ಎಂದು ಶುರುವಾಗುತ್ತಿತ್ತು. ಹೊನ್ನಾವರದ ಗಾಡಿ. ಸ್ಟ್ರೆಚರಿನ ಹಿಂದೆ ಸೀರೆಯ ಸೆರಗು ಬಿಗಿಹಿಡಿದು ಒಬ್ಬ ಹೆಂಗಸು ಬರಿಗಾಲಲ್ಲಿ ಓಡುತ್ತಿದ್ದಳು. ಅವರು ಎಷ್ಟು ಹೊತ್ತಿಗೆ ಹೊರಟಿದ್ದರೋ. ಮರಳುವ ದಾರಿಯಲ್ಲಿ ಇಬ್ಬರೂ ಮಾತನಾಡಲಿಲ್ಲ.

ಆರನೆಯ ದಿನ: ಮತ್ತೆ ಸಾಲಿಗ್ರಾಮ, ಉಡುಪಿ

ಬೆಳಿಗ್ಗೆ ಉಡುಪಿಯಲ್ಲಿ ಎರಡು ಮನೆ ನೋಡಿದೆವು. ಆಸ್ಪತ್ರೆ ಇನ್ನೂ ಹತ್ತಿರ, ಬಾಡಿಗೆ 16,000ದ ಮೇಲೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅಷ್ಟು ಕೊಡುವುದಾದರೆ ಬೆಂಗಳೂರು ಬಿಟ್ಟು ಬರುವುದೇಕೆ? ಮಂಗಳೂರಿಗೆ ಹೋಗುವ ಯೋಚನೆಯನ್ನು ಅಲ್ಲಿಯೇ ಬಿಟ್ಟೆವು.

ಮಧ್ಯಾಹ್ನ ಸಾಲಿಗ್ರಾಮಕ್ಕೆ ಹಿಂದಿರುಗಿ, ಹನ್ನೊಂದು ತಿಂಗಳ ಕರಾರಿಗೆ ಒಪ್ಪಿ ಮುಂಗಡ ಕೊಟ್ಟೆವು. ಬಾಡಿಗೆಯಲ್ಲಿ ತಿಂಗಳಿಗೆ ಹದಿನೈದೂವರೆ ಸಾವಿರ ಉಳಿಯುತ್ತದೆ. ಬಸ್ಸು, ಆಟೋ, ನಾಲ್ಕೈದು ತಿಂಗಳಿಗೊಮ್ಮೆ ಬೆಂಗಳೂರಿನ ಓಡಾಟ ಕಳೆದರೂ ಹತ್ತು ಸಾವಿರ ಕೈಯಲ್ಲಿರುತ್ತದೆ. ಹೊನ್ನಾವರದ ಅಜ್ಜಿಗೆ ಫೋನ್ ಮಾಡಿ ಮನೆ ತೆಗೆದುಕೊಳ್ಳುತ್ತಿಲ್ಲ ಎಂದು ನಾನೇ ಹೇಳಿದೆ. “ಕೊಳ್ಳದಿದ್ದರೇನು, ಪಾನಕ ಕುಡಿಯಲು ಬನ್ನಿ ಅಕ್ಕೋರೆ” ಎಂದರು.

ಹೊರಡುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿ ಧೂಳೆಬ್ಬಿಸುವ ಗಾಳಿ ಬೀಸಿತು. ಮಾಲೀಕರ ತಾಯಿ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳ ಎತ್ತುತ್ತ, ನಾವು ಯಾವಾಗ ಬರುತ್ತೇವೆಂದು ಕೇಳಿದರು. ಜೂನ್ ಒಂದಕ್ಕೆ ಎಂದೆ.

“ಎಲ್ಲರೂ ಮಳೆ ಮುಗಿದ ಮೇಲೆ ಬರುತ್ತಾರಲ್ಲ, ಟೀಚರೇ?”

“ನಮಗೆ ಮಳೆಯೇ ನೋಡಬೇಕು.”

“ಹಾಗಾದರೆ ಪಡುವಣದ ಕೋಣೆಯಲ್ಲಿ ಮಲಗಿ. ಆಸಾಡಿ ತಿಂಗಳ ರಾತ್ರಿ ಕಡಲು ಕೂಗುವುದು ಇಲ್ಲಿಯವರೆಗೂ ಕೇಳುತ್ತದೆ.”

ಮೊದಲ ಹನಿಗಳು ಬಿದ್ದವು. ನಮ್ಮವರು ಚೀಲ ಕೆಳಗಿಟ್ಟು, ಅವರ ಜೊತೆ ಹಪ್ಪಳ ಎತ್ತಲು ಬಾಗಿದರು.